ಒಂದೇ ಕೀಲಿಮಣೆ, ಎರಡು ಕುರ್ಚಿ

೧

ಎಲ್ಲಿಂದ ಶುರು ಮಾಡಲಿ? ನಿಮ್ಮನ್ನು ಕೇಳುತ್ತಿಲ್ಲ, ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಪತ್ರಿಕೆಯ ಸಂಪಾದಕರು ಫೋನ್ ಮಾಡಿ, ‘ಟ್ಯಾಬು, ಸ್ಮಾರ್ಟ್‌ಫೋನು ಬಂದ ಮೇಲೆ ಮೇಜಿನ ಮೇಲಿನ ಕಂಪ್ಯೂಟರ್ ಇನ್ನೂ ಬೇಕಾ ಅನ್ನೋದರ ಬಗ್ಗೆ ಏನಾದರೂ ಬರೆದುಕೊಡಿ’ ಎಂದರು. ಹಳ್ಳಿ ಶಾಲೆಯಲ್ಲಿ ಓದಿ, ಇವತ್ತಿಗೂ ಪೆನ್ನಿನಲ್ಲಿ ಗೀಚುವ ನನ್ನನ್ನು ಇಂಥದ್ದು ಕೇಳುತ್ತಾರಲ್ಲ ಎಂದು ಮೈ ಉರಿಯಿತು. ಒಪ್ಪಿಕೊಂಡೆ. (ಸಿಟ್ಟು ಬಂದಾಗ ಬೇಡ ಎನ್ನುವುದು ನನಗೆ ಮರೆತುಹೋಗುತ್ತದೆ.)

ಮೊದಲ ಕರಡು: ‘ಇಂದಿನ ವೇಗದ ಯುಗದಲ್ಲಿ ತಂತ್ರಜ್ಞಾನವು...’ ಅಲ್ಲಿಗೇ ಹರಿದುಹಾಕಿದೆ. ಇಂದಿನ ಯುಗ ಎಂದು ಬಾಯಿ ತೆರೆಯುವ ಯಾವುದನ್ನೂ ನಾನು ಓದುವುದಿಲ್ಲ.

ಎರಡನೆಯ ಕರಡಿನಲ್ಲಿ ಹಳೆಯ ಕಂಪ್ಯೂಟರು ಟ್ಯಾಬಿನ ಜೊತೆ ವಾದಕ್ಕೆ ನಿಂತಿತ್ತು. ಶಾಲಾ ವಾರ್ಷಿಕೋತ್ಸವದ ನಾಟಕದಂತಾಯಿತು. ಅದೂ ಬುಟ್ಟಿಗೆ.

ಆಮೇಲೆ ಹೊಳೆಯಿತು. ಸಂಪಾದಕರ ಈ ಪ್ರಶ್ನೆ ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆಗಲೇ ಊಟದ ಮೇಜಿನ ಮೇಲೆ ಬಂದು ಕೂತಿದೆ. ಅಲ್ಲಿಗೆ ಹೋಗೋಣ. ಚಪ್ಪಲಿ ಹೊರಗೆ ಬಿಡಿ, ಅತ್ತಿಗೆ ಬೈತಾರೆ.

೨

ಆ ಮನೆಯಲ್ಲಿ ಇರುವುದು ಇಬ್ಬರೇ. ಗಂಡನನ್ನು ಬೀದಿಯವರೆಲ್ಲ ಅಕ್ಷರದಣ್ಣ ಎನ್ನುತ್ತಾರೆ. ಪುಸ್ತಕಗಳಿಗೆ ಅಕ್ಷರ ಜೋಡಿಸುವುದು, ಪುಟ ಕಟ್ಟುವುದು ಅವನ ಕೆಲಸ. ಅವನ ಹೆಂಡತಿ ನನಗೆ ಅತ್ತಿಗೆ. ಸಿದ್ಧ ಉಡುಪಿನ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದರು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೇ ಓಟಕ್ಕೆ ಕತ್ತರಿಸುವವರು.

ಹೋದ ವರ್ಷ ಅಣ್ಣನಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ನಡಿಗೆ ವಾಪಸ್ ಬಂತು, ಬಲಗೈ ಬರಲಿಲ್ಲ. ಅತ್ತಿಗೆ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಒಂದು ದಿನ ಅಣ್ಣ ಎಡಗೈಯನ್ನು ಕೀಲಿಮಣೆಯ ಆ ತುದಿಯಿಂದ ಈ ತುದಿಗೆ ಓಡಿಸುತ್ತ, ಸಾಲು ಮುಗಿಯುವ ಮೊದಲೇ ಸುಸ್ತಾಗಿ ಕಣ್ಣು ಮುಚ್ಚಿದ್ದನ್ನು ಕಂಡು, ಅತ್ತಿಗೆ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದುತಂದು ಅವನ ಬಲಕ್ಕೆ ಕೂತರು. ಮದುವೆಗೆ ಮುಂಚೆ ಅವರೂ ಟೈಪಿಂಗ್ ಕಲಿತವರು. ಅಂದಿನಿಂದ ಕೀಲಿಮಣೆಯ ಎಡಭಾಗ ಅವನದು, ಬಲಭಾಗ ಅವರದು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನಾನು ಗೀಚಿದ್ದನ್ನೆಲ್ಲ ಟೈಪ್ ಹೊಡೆದುಕೊಡುವವರು ಇವರೇ. ಈ ಕಥೆಯನ್ನೂ. ತಮ್ಮ ಬಗ್ಗೆ ಬರೆದದ್ದನ್ನು ತಾವೇ ಹೊಡೆಯುವಾಗ ಬಾಯಿ ಮುಚ್ಚಿಕೊಂಡಿರಲು ಅವರೇನು ಪ್ರಿಂಟರಾ? ಅಲ್ಲಲ್ಲಿ ಚೌಕ ಕಂಸ ಹಾಕಿ ತಮ್ಮ ಮಾತನ್ನೂ ತೂರಿಸಿದ್ದಾರೆ. ಎಡಗೈ ಎಂದರೆ ಅಣ್ಣ, ಬಲಗೈ ಎಂದರೆ ಅತ್ತಿಗೆ. ತೆಗೆಸೋಣವೆಂದರೆ, ತೆಗೆಯಬೇಕಾದವರೂ ಅವರೇ.

[ಎಡಗೈ: ಬಲಗೈ ಬರಲಿಲ್ಲ ಅನ್ನಬೇಡ. ಇನ್ನೂ ಬಂದಿಲ್ಲ ಅನ್ನು.]

[ಬಲಗೈ: ಕಟಿಂಗ್ ಮಾಸ್ಟರ್ ಆಗಿದ್ದರು ಅಂತ ಬರೆದಿದ್ದೀರಲ್ಲ. ‘ಆಗಿದ್ದರು’ ಯಾಕೆ ಕಥೆಗಾರ್ರೇ? ನಾನೇನು ಸತ್ತಿದ್ದೀನಾ?]

೩

ಕೆಲಸದ ಕೋಣೆಯಲ್ಲಿ ಒಂದು ಕಿಟಕಿ, ಒಂದು ಮೇಜು, ಹೊಟ್ಟೆ ದಪ್ಪದ ಒಂದು ಕಂಪ್ಯೂಟರ್. ಶುರು ಮಾಡಿದರೆ ಚಳಿಗೆ ನಿಂತ ಲಾರಿಯಂತೆ ಒಂದಿಷ್ಟು ಹೊತ್ತು ಗೊರಗುಟ್ಟಿ ಆಮೇಲೆ ಕಣ್ಣು ಬಿಡುತ್ತದೆ. ಕೀಲಿಮಣೆಯ ಎಫ್ ಮೇಲೊಂದು, ಜೆ ಮೇಲೊಂದು ಸಣ್ಣ ಉಬ್ಬುಗೆರೆ ಇರುತ್ತದೆ, ನೋಡಿರುತ್ತೀರಿ. ಅವನ ತೋರುಬೆರಳು ಎಫ್ ಮೇಲೆ, ಅವಳದು ಜೆ ಮೇಲೆ. (ಅವರಿಬ್ಬರೇ ಕೂತಾಗ ಅತ್ತಿಗೆ ನನ್ನ ಪೆನ್ನಿಗೆ ‘ಅವಳು’.) ಇಬ್ಬರ ಕಣ್ಣೂ ನನ್ನ ಕೈಬರಹದ ಮೇಲೆ. ಅವನು ಮೆಲ್ಲಗೆ ಓದಿ ಹೇಳುತ್ತಾನೆ, ಅಕ್ಷರಗಳು ಈ ಕಡೆಯಿಂದೊಂದು ಆ ಕಡೆಯಿಂದೊಂದು ಬಂದು ಸೇರುತ್ತವೆ.

ತೊಂದರೆ ಬರುವುದು ಪದ ಮುಗಿದಾಗ. ಜಾಗ ಬಿಡುವ ಉದ್ದನೆಯ ಕೀಲಿ ಇಬ್ಬರ ಸರಹದ್ದಿನಲ್ಲೂ ಮಲಗಿದೆ. ಒಬ್ಬರ ಹಿಂದೊಬ್ಬರು ಹೆಬ್ಬೆರಳು ಒತ್ತಿದರೆ ಪದಗಳ ನಡುವೆ ಎರಡೆರಡು ಜಾಗ ಬೀಳುತ್ತದೆ. ಜಗಳವಾಡಿದ ದಿನ ಇಬ್ಬರೂ ಒತ್ತುವುದಿಲ್ಲ, ಇನ್ನೊಬ್ಬರು ಒತ್ತಲಿ ಎಂದು ಬಿಡುತ್ತಾರೆ. ಆಗ ನನ್ನ ಕಥಾನಾಯಕಿ ಅವಳುಕೊಡೆಹಿಡಿದುಹೊರಟಳು ಎಂದು ಒಂದೇ ಉಸಿರಿನಲ್ಲಿ ಹೊರಟುಬಿಡುತ್ತಾಳೆ. ಕರಡು ತಿದ್ದುತ್ತ ಕೂತರೆ ಸಾಕು, ಆ ಮನೆಯಲ್ಲಿ ಯಾವ ಪುಟದಲ್ಲಿ ಮುನಿಸು, ಯಾವ ಪುಟದಲ್ಲಿ ರಾಜಿ ಎಂದು ನನಗೆ ಗೊತ್ತಾಗುತ್ತದೆ.

[ಬಲಗೈ: ಇದನ್ನೆಲ್ಲ ಊರಿಗೆ ಸಾರಬೇಕಾಗಿತ್ತಾ?]

[ಎಡಗೈ: ಬರೀಲಿ ಬಿಡು. ಅವನ ಕಥೆಯಲ್ಲಿ ಓದೋ ಹಾಗಿರೋದು ಇದೊಂದೇ.]

೪

ಘಟಕದಿಂದ ಅತ್ತಿಗೆಗೆ ಕರೆ ಬಂತು. ಅವರ ಜಾಗಕ್ಕೆ ಬಂದವನು ಬಟ್ಟೆ ಹಾಳುಮಾಡಿ ಹೋಗಿದ್ದಾನೆ, ವಾಪಸ್ ಬರುತ್ತೀರಾ, ಸೋಮವಾರ ಹೇಳಿ. ಅತ್ತಿಗೆ ಅಣ್ಣನಿಗೆ ಏನೂ ಹೇಳದೆ ಪೇಟೆಗೆ ಹೋಗಿ ಒಂದು ಟ್ಯಾಬ್ ತಂದು ಅವನ ಮುಂದಿಟ್ಟರು.

‘ಇದೇನೇ, ತರಕಾರಿ ಹೆಚ್ಚೋ ಹಲಗೆನಾ?’

‘ಹೆಚ್ಚೋದಾದ್ರೆ ಮೊದಲು ನಿಮ್ಮ ನಾಲಿಗೆನೇ ಇಡ್ತೀನಿ. ಟ್ಯಾಬು ರೀ. ಒಂದು ಬೆರಳಿದ್ರೆ ಸಾಕಂತೆ.’

‘ಯಾರಂದ್ರು?’

‘ಅಂಗಡಿಯವನು.’

‘ಅವನಿಗೆ ಹತ್ತೂ ಇದೆ.’

ಅವಳು ಅದನ್ನು ಅವನ ಎಡಗೈ ಕೆಳಗೆ ಸರಿಸಿದಳು. ಅವನು ಒಂದೆರಡು ಪದ ಹೊಡೆದು ಕೈ ತೆಗೆದ. ‘ಇದು ಬರೀ ಗಾಜು. ಬೆರಳಿಗೆ ಕೀಲಿನೇ ಸಿಗಲ್ಲ. ಪ್ರತಿ ಅಕ್ಷರಕ್ಕೂ ಹಾಳೆಯಿಂದ ಕಣ್ಣು ತೆಗೆದು ಇಲ್ಲಿ ನೋಡ್ಬೇಕು. ಮತ್ತೆ ಅಲ್ಲಿ ಹೋಗಿ ಸಾಲು ಹುಡುಕ್ಬೇಕು.’

‘ಹುಡುಕಿ. ಕಣ್ಣು ಸವೆದು ಹೋಗುತ್ತಾ?’

‘ಪುಟ ಕಟ್ಟೋದು? ನನ್ನ ಸಾಫ್ಟ್‌ವೇರ್ ಇದರಲ್ಲಿ ಕೂರಲ್ಲ. ಅಡಿಟಿಪ್ಪಣಿ ಇರೋ ಪುಟನ ಈ ಅಂಗೈಯಗಲದಲ್ಲಿ ಹೆಂಗೆ ಕಟ್ಟಲಿ?’

‘ಕಟ್ಟೋದು ಭಾನುವಾರ ಕಂಪ್ಯೂಟರಲ್ಲಿ ಇಬ್ಬರೂ ಕೂತು ಕಟ್ಟೋಣ. ಹೊಡೆಯೋದು ಮಾತ್ರ ದಿನಾ ನೀವೊಬ್ಬರೇ ಹೊಡೀರಿ.’

ಸಿಕ್ಕಿಬಿದ್ದಾಗ ಎಲ್ಲ ಗಂಡಂದಿರೂ ಹೇಳುವುದನ್ನೇ ಅವನೂ ಹೇಳಿದ. ‘ನೋಡೋಣ.’

‘ನೋಡೋಣ ಅಂದ್ರೆ ಇಲ್ಲ ಅಂತ. ನಂಗೆ ಗೊತ್ತು,’ ಎಂದು ಅವಳು ಎದ್ದುಹೋದಳು.

(ಸಂಪಾದಕರೇ, ನಿಮ್ಮ ಲೇಖನ ಇಲ್ಲಿಗೆ ಮುಗಿಯಿತು. ಹೊಡೆಯುವುದಕ್ಕೆ ಟ್ಯಾಬ್ ಆದೀತು, ಪುಟ ಕಟ್ಟುವುದಕ್ಕೆ ಕಂಪ್ಯೂಟರೇ ಬೇಕು. ಇಷ್ಟೇ ಸಾಕು ಎನ್ನುವವರು ಈಗಲೇ ಎದ್ದು ಹೋಗಬಹುದು.)

೫. ಅಂತ್ಯ, ಮೊದಲನೆಯದು

ಟ್ಯಾಬು ಕೈಕೊಡುತ್ತದೆ. ಹೊಡೆದದ್ದೆಲ್ಲ ಮಾಯವಾಗುತ್ತದೆ. ಅವಳು ನಗುತ್ತ ಹಳೆಯ ಕುರ್ಚಿಯನ್ನು ಮತ್ತೆ ಎಳೆದುಕೊಂಡು ಬಲಕ್ಕೆ ಕೂರುತ್ತಾಳೆ. ಕಿಟಕಿಯಿಂದ ಬಿಸಿಲು. ಎರಡು ಕೈಗಳು, ಒಂದು ಪದ.

ಇದನ್ನು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹೊಡೆಯಲು ಕಳಿಸಿದೆ. ಹಾಳೆ ಹಾಗೇ ವಾಪಸ್ ಬಂತು, ಹೊಡೆಯದೆ. ನನ್ನ ಸಿಟ್ಟು ನೆತ್ತಿಗೇರಿತು. ಸೀದಾ ಅವರ ಮನೆಗೆ ಹೋದೆ. ಅಣ್ಣ ವಾಕಿಂಗಿಗೆ ಹೋಗಿದ್ದ. ಅತ್ತಿಗೆ ಬಟ್ಟೆ ಮಡಚುತ್ತಿದ್ದರು.

‘ಏನತ್ತಿಗೆ ಇದು? ನನ್ನ ಕಥೆಯ ಕೊನೆ ನೀವು ತೀರ್ಮಾನ ಮಾಡೋದಾ?’

‘ನನ್ನ ಬದುಕಿನ ಕೊನೆ ನೀವು ತೀರ್ಮಾನ ಮಾಡಬಹುದು, ನಾನು ನಿಮ್ಮ ಕಥೆದು ಮಾಡಬಾರದು ಅಲ್ವಾ?’

‘ಚಂದ ಇದೆ ಅಂತ ಬರೆದೆ.’

‘ನೋಡೋ ನಿಮಗೆ ಚಂದ. ಒಂದು ಪಕ್ಕಕ್ಕೆ ತಿರುಗಿ ದಿನವಿಡೀ ಕೂತು ನನ್ನ ಸೊಂಟ ಹಿಡಿದುಹೋಗಿದೆ. ಬಿಸಿಲು ಬೇರೆ ಬಿಟ್ಟಿದ್ದೀರಿ. ಆ ಕಿಟಕಿಗೆ ಯಾವತ್ತು ಬಿಸಿಲು ಬಂದಿದೆ?’ ಮಡಚಿದ ಅಣ್ಣನ ಅಂಗಿಯನ್ನು ಅಂಗೈಯಿಂದ ಒತ್ತಿ ನೇರ ಮಾಡಿದರು. ‘ಅವರ ಮೇಲೆ ನಂಗೆ ಪ್ರೀತಿ ಇಲ್ಲ ಅಂತ ತಿಳ್ಕೋಬೇಡಿ. ನಾನು ಗೆರೆ ಎಳೆದ್ರೆ ಅಷ್ಟು ಜನ ಹೊಲಿಯೋರು ಅದರ ಮೇಲೆ ನಂಬಿಕೆ ಇಟ್ಟು ಹೊಲೀತಿದ್ರು. ಇಲ್ಲಿ ಅವರು ಓದಿದ ಅಕ್ಷರ ನಾನು ಒತ್ತಬೇಕು. ನಾನು ಯಾರದೋ ಕೈ ಆಗಿ ಎಷ್ಟು ದಿನ ಇರ್ಲಿ?’

ತಂದಿದ್ದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟೆ.

[ಬಲಗೈ: ಇದನ್ನ ಹೊಡೆದಿದ್ದೀನಿ. ಹೇಳಿದ್ದು ಹೇಳಿದ ಹಾಗೇ ಇದೆ. ಅಂಗಿ ಮಾತ್ರ ಅವರದಲ್ಲ, ನಂದು.]

[ಎಡಗೈ: ಈ ಭಾಗದಲ್ಲಿ ನಾನು ಬರೀ ನನ್ನ ಅಕ್ಷರ ಒತ್ತಿದೆ.]

೬. ಅಂತ್ಯ, ಎರಡನೆಯದು

ಟ್ಯಾಬ್ ಗೆಲ್ಲುತ್ತದೆ. ಅವಳು ಕೈಚೀಲ ಹಿಡಿದು ಘಟಕಕ್ಕೆ ಹೊರಡುತ್ತಾಳೆ. ಅವನು ಎಡಗೈಯೊಂದರಲ್ಲೇ ಚಕಚಕನೆ ಹೊಡೆದು ಸಂಜೆಯೊಳಗೆ ಅಧ್ಯಾಯ ಮುಗಿಸುತ್ತಾನೆ. ಇಬ್ಬರ ಮುಖದಲ್ಲೂ ನಗು.

[ಎಡಗೈ: ಇದು ಟ್ಯಾಬಿನ ಜಾಹೀರಾತು. ಕೆಳಗೆ ಅಂಗಡಿಯ ವಿಳಾಸ ಒಂದು ಬಾಕಿ.]

ಸರಿ. ಒಪ್ಪಿದೆ. ಹರಿದೆ.

೭. (ಈ ಭಾಗವನ್ನು ಲಕೋಟೆಯಲ್ಲಿ ಹಾಕಿ ಅಣ್ಣನ ಕೈಗೇ ಕೊಟ್ಟೆ. ‘ಬೇಡ ಅನ್ನಿಸಿದ್ರೆ ಹರಿದುಹಾಕು. ಬೇಕು ಅನ್ನಿಸಿದ್ರೆ ನೀನೊಬ್ಬನೇ ಹೊಡಿ’ ಎಂದೆ.)

ಸಂಜೆ ಅವನು ಬೀದಿ ತುದಿಯವರೆಗೆ ನಡೆದು, ಗೆಳೆಯನೊಬ್ಬನ ಜೊತೆ ಪಾರ್ಕಿನ ಬೆಂಚಿನ ಮೇಲೆ ಕೂತ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ, ಮಲಗಿದ ಕೂಸನ್ನು ಸರಿಸುವ ಹಾಗೆ.

‘ಗಾಜು ಗೀಜು ಎಲ್ಲ ನೆಪ ಕಣಯ್ಯ,’ ಎಂದ. ‘ಅಭ್ಯಾಸ ಮಾಡಿದ್ರೆ ಬರುತ್ತೆ.’

‘ಮತ್ತೆ?’

‘ಅವಳು ಪಕ್ಕದಲ್ಲಿ ಕೂತಿರುವಾಗ ಸಂಜೆ ಹೊತ್ತಿಗೆ ಇಷ್ಟು ಪುಟ ಆಗಿರುತ್ತೆ. ಅದರಲ್ಲಿ ನನ್ನದೆಷ್ಟು, ಅವಳದೆಷ್ಟು ಅಂತ ಲೆಕ್ಕ ಸಿಗಲ್ಲ. ನಾನಿನ್ನೂ ಮೊದಲಿನ ಹಾಗೇ ಇದ್ದೀನಿ ಅಂದ್ಕೋಬಹುದು. ಒಬ್ಬನೇ ಕೂತ್ರೆ, ಎಷ್ಟು ಉಳ್ಕೊಂಡಿದ್ದೀನಿ ಅಂತ ನಂಗೇ ಗೊತ್ತಾಗಿಬಿಡುತ್ತೆ.’

ಗೆಳೆಯ ಜೇಬಿನ ಪೆನ್ನನ್ನು ಮುಟ್ಟಿನೋಡಿಕೊಂಡ.

‘ಅವಳಿಗೆ ಹೇಳಬೇಡ.’

‘ಹೇಳಲ್ಲ,’ ಎಂದ ಗೆಳೆಯ. ‘ಬರೀತೀನಿ.’

‘ಹಾಳಾಗಿ ಹೋಗು,’ ಎಂದು ಅವನು ನಕ್ಕ. ಎದ್ದು ಮನೆ ಕಡೆ ನಡೆದ.

೭ (ಮುಂದುವರಿದದ್ದು, ಏಕೆಂದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ)

ಮೇಲಿನ ಭಾಗ ಹೊಡೆದು ಬಂತು. ಹರಿದುಹಾಕುತ್ತಾನೆ ಎಂದೇ ನಾನು ಅಂದುಕೊಂಡಿದ್ದೆ. ಕರಡನ್ನು ಬೆಳಕಿಗೆ ಹಿಡಿದು ನೋಡಿದೆ. ಪದ ಪದದ ನಡುವೆ ಒಂದೇ ಒಂದು ಜಾಗ. ಎಲ್ಲೂ ಎರಡಿಲ್ಲ, ಎಲ್ಲೂ ಅಂಟಿಲ್ಲ. ಸ್ಟ್ರೋಕ್ ಆದಮೇಲೆ ಆ ಮನೆಯಿಂದ ಅಷ್ಟು ಒಪ್ಪವಾದ ಹಾಳೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ತಪ್ಪಿಲ್ಲದ ಹಾಳೆ ನೋಡಿ ಅಳು ಬರುವ ವಯಸ್ಸಾಯಿತೇ ಎಂದು ನನ್ನ ಮೇಲೇ ರೇಗಿದೆ.

ಅತ್ತಿಗೆಗೆ ಗೊತ್ತಾಗದಂತೆ ಇದು ಪತ್ರಿಕೆಗೆ ಹೋಗುವ ದಾರಿ ಇಲ್ಲ. ಪುಟ ಕಟ್ಟುವುದು ಹಳೆಯ ಕಂಪ್ಯೂಟರಿನಲ್ಲಿ, ಇಬ್ಬರೂ ಕೂತು. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಹೊಡೆದಿದ್ದಾನೆ.

೮

ಭಾನುವಾರ ಬೆಳಿಗ್ಗೆ ನಾನು ಹೋದಾಗ ಇಬ್ಬರೂ ಕುರ್ಚಿಗಳಲ್ಲಿ ಇದ್ದರು. ಪರದೆಯ ಮೇಲೆ ಆ ಪುಟ. ಅತ್ತಿಗೆ ಓದುತ್ತಿದ್ದರು. ಅಣ್ಣ ಪರದೆ ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದ. ನನಗೆ ಬನ್ನಿ ಎನ್ನುವವರಿಲ್ಲ, ಬಾಗಿಲಲ್ಲೇ ನಿಂತೆ.

‘ಎಷ್ಟು ಹೊತ್ತು ಹಿಡೀತು?’ ಅವಳು ಕೇಳಿದಳು.

‘ಟ್ಯಾಬಲ್ಲಿ, ಎರಡು ದಿನ. ನೀನು ಸ್ನಾನಕ್ಕೆ ಹೋದಾಗ, ಅಂಗಡಿಗೆ ಹೋದಾಗ.’

‘ಇಷ್ಟಕ್ಕೆ?’

‘ಹ್ಞೂಂ.’

‘ನಿಧಾನ.’

‘ಹ್ಞೂಂ.’

‘ತಪ್ಪಂತೂ ಒಂದೂ ಇಲ್ಲ.’

‘ಒಂದಿತ್ತು. ಆಮೇಲೆ ಸರಿಮಾಡಿದೆ.’

ಅವಳು ಪುಟವನ್ನು ಮತ್ತೊಮ್ಮೆ ಮೇಲಿನಿಂದ ಓದಿದಳು. ‘ಗೊತ್ತಾಗಿಬಿಡುತ್ತೆ ಅಂತ ಹೆದರಿದ್ರಲ್ಲ. ಗೊತ್ತಾಯ್ತಾ?’

‘ಆಯ್ತು.’

‘ಏನು?’

‘ನಿಧಾನ ಅಂತ.’

‘ಅಷ್ಟೇನಾ?’

‘ಅಷ್ಟು ಸಾಲದಾ?’

ಅವಳು ಅವನ ಭುಜಕ್ಕೆ ಒಂದು ಏಟು ಕೊಟ್ಟಳು, ಬಲಭುಜಕ್ಕೆ, ಅವನಿಗೆ ತಿಳಿಯಲಿಲ್ಲ. ಅದು ನೆನಪಾಗಿ, ಎದ್ದು ಆಚೆ ಬದಿಗೆ ಬಂದು ಎಡಭುಜಕ್ಕೆ ಇನ್ನೊಂದು ಕೊಟ್ಟಳು. ಅವನು ‘ಆಯ್’ ಎಂದ. ಆಮೇಲೆ ಅವಳು ಫೋನು ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಘಟಕಕ್ಕೆ ಉತ್ತರ ಹೇಳಲು ಸೋಮವಾರದವರೆಗೆ ಕಾಯಲಿಲ್ಲ.

ನಾನು ಜೇಬಿನಿಂದ ಪೆನ್ನು ತೆಗೆದೆ. ಮೂರನೆಯ ಅಂತ್ಯ ಬೆರಳ ತುದಿಗೆ ಬಂದು ನಿಂತಿತ್ತು. ನಾಲ್ಕನೆಯದೂ ಅದರ ಹಿಂದೆಯೇ ನೂಕುತ್ತಿತ್ತು.

‘ಏನ್ ಮಾಡ್ತಿದ್ದೀಯ?’ ಅಣ್ಣ ಕೇಳಿದ.

‘ಕೊನೆ ಬರೀತಿದ್ದೀನಿ.’

‘ನೀನು ಬರೆದಷ್ಟೂ ಯಾರಾದ್ರೂ ಕೂತು ಹೊಡೀಬೇಕು. ಅದನ್ನ ಯೋಚಿಸಿದ್ದೀಯಾ?’

ಯೋಚಿಸಿರಲಿಲ್ಲ. ಇಷ್ಟು ವರ್ಷ ಬರೆದು ಇದನ್ನು ಯೋಚಿಸದ ತಲೆ ನನ್ನದು. ಉದ್ದ ಬರೆದರೆ ಆ ಹೆಂಗಸನ್ನು ಮತ್ತೆ ಸೊಂಟ ತಿರುಗಿಸಿ ಕೂರಿಸುತ್ತೇನೆ. ಅವಳು ಹೋದಳು ಎಂದು ಬರೆದರೆ, ಅದನ್ನು ಅವನು ಒಂಟಿಯಾಗಿ, ಒಂದೊಂದೇ ಅಕ್ಷರ ಹುಡುಕಿ ಹೊಡೆಯಬೇಕು. ಹೋಗಲಿಲ್ಲ ಎಂದು ಬರೆದರೆ ಅವಳೇ ಹೊಡೆಯಬೇಕು. ನಾನು ಬರೆಯುವ ಯಾವ ಸಾಲೂ ಪುಕ್ಕಟೆಯಲ್ಲ, ಅದರ ಬೆಲೆಯನ್ನು ನಾನು ತೆರುವುದೂ ಇಲ್ಲ.

ನಿಮಗೆ ಸಿಟ್ಟು ಬರುತ್ತಿದೆ, ಗೊತ್ತು. ಇಲ್ಲಿಯವರೆಗೆ ಕರೆತಂದು ಬಾಗಿಲಾಚೆ ನಿಲ್ಲಿಸಿದ್ದೀಯಲ್ಲ ಎಂದು ಬೈಯುತ್ತಿದ್ದೀರಿ. ಬೈಯಿರಿ, ನಾನೂ ಆಚೆಯೇ ನಿಂತಿದ್ದೇನೆ. ಒಳಗೆ ಅತ್ತಿಗೆಯ ದನಿ ಕೇಳುತ್ತಿದೆ, ಮಾತು ತಿಳಿಯುತ್ತಿಲ್ಲ. ನಡುವೆ ಒಮ್ಮೆ ನಕ್ಕರು. ಯಾವುದಕ್ಕೆ ಎಂದು ಅಣ್ಣ ನನ್ನ ಮುಖ ನೋಡಿದ. ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಅವನು ಎಡಗೈಯನ್ನು ಮೇಜಿನ ಮೇಲೆ ಚಾಚಿ ಟ್ಯಾಬನ್ನು ಒಂದಿಷ್ಟು ಹತ್ತಿರ ಎಳೆದುಕೊಂಡ. ಕೀಲಿಮಣೆಯನ್ನು ಮಾತ್ರ ಇದ್ದಲ್ಲೇ ಬಿಟ್ಟ. ಇದರಿಂದ ಏನನ್ನೂ ಊಹಿಸಬೇಡಿ, ಮೇಜು ಚಿಕ್ಕದು.

ಚಿಲಕದ ಸದ್ದಾಯಿತು. ಇನ್ನೊಂದೇ ಒಂದು ಸಾಲು ಬರೆದರೆ ಅದನ್ನೂ ಯಾರಾದರೂ ಕೂತು ಹೊಡೆಯಬೇಕು. ಪೆನ್ನು ಮುಚ್ಚಿದೆ.