ಬೀಗ ಮಾರುವವನ ಬಾಗಿಲು

ಬೀಗದ ಕಾರ್ಖಾನೆಯ ಯಜಮಾನನಿಗೆ ತನ್ನ ಬೀಗಗಳ ಬಗ್ಗೆ ಎಷ್ಟು ಜಂಭವೋ, ಬೇರೆಯವರ ಬುದ್ಧಿಯ ಬಗ್ಗೆ ಅಷ್ಟೇ ತಾತ್ಸಾರ. ಗಿರಾಕಿ ಬಂದರೆ ಸಾಕು, ಹಿತ್ತಾಳೆಯ ಬೀಗವೊಂದನ್ನು ಮೇಜಿನ ಮೇಲೆ ಧಡ್ಡನೆ ಇಟ್ಟು, "ಒಡೀರಿ ನೋಡೋಣ!" ಅನ್ನುತ್ತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ಯಜಮಾನನ ತಮ್ಮ ಆಗ ಹಲ್ಲು ಕಿರಿಯಬೇಕು. ಅದೂ ಅವನ ಕೆಲಸದಲ್ಲೇ ಸೇರಿತ್ತು.

ಉಳಿದ ಕೆಲಸವೆಂದರೆ ಕಂಪ್ಯೂಟರ್ ನೋಡಿಕೊಳ್ಳುವುದು. ಯಾವ ಗಿರಾಕಿಯ ಯಾವ ಬಾಗಿಲಿಗೆ ಎಂಥ ಹಲ್ಲಿನ ಕೀಲಿಕೈ ಎಂಬುದೆಲ್ಲ ಅದರ ಒಂದು ಫೈಲಿನಲ್ಲಿತ್ತು. ಕೀಲಿಕೈ ಕಳೆದುಕೊಂಡವರಿಗೆ ಹೊಸದು ಮಾಡಿಕೊಡಲು ಅದು ಬೇಕು. ಅದೇ ಫೈಲ್ ಕಳ್ಳನಿಗೆ ಸಿಕ್ಕರೆ ಬೀಗ ಒಡೆಯುವ ಗೋಜೇ ಇಲ್ಲ, ರಾಜಾರೋಷವಾಗಿ ಒಳಗೆ ಬರಬಹುದು.

ಈ ಭಯಕ್ಕೇ ಸೈಬರ್ ಭದ್ರತೆ ಬಲ್ಲ ಎಂಜಿನಿಯರ್ ಒಬ್ಬಳನ್ನು ತಮ್ಮ ಕರೆಸಿದ. "ಇಮೇಲ್ ತೆರೆಯೋವಾಗ ಪಾಸ್‌ವರ್ಡ್ ಜೊತೆಗೆ ಮೊಬೈಲಿಗೆ ಬರೋ ಕೋಡ್ ಕೂಡ ಹಾಕ್ಬೇಕು ಸಾರ್," ಎಂದಳು ಆಕೆ ಯಜಮಾನನಿಗೆ. "ಈ ಫೈಲ್ ಯಾರೇ ಕೇಳಲಿ, ನೀವೇ ಕೇಳಿದ್ರೂ ಸರಿ, ಫೋನ್ ಮಾಡಿ ವಿಚಾರಿಸದೆ ಕಳಿಸಬಾರದು."

ಯಜಮಾನ ಉರಿದುಬಿದ್ದ. "ನನ್ನ ಕಾರ್ಖಾನೇಲಿ ನನ್ನನ್ನೇ ವಿಚಾರಿಸೋದಾ? ಕೋಡು ಗೀಡು ಎಲ್ಲ ಇವರಿಗೆ ಹಾಕಮ್ಮ, ನನಗೆ ಬೇಡ. ನಾನು ಹೇಳಿದ್ದನ್ನ ಇವನು ಬಾಯಿ ಮುಚ್ಕೊಂಡು ಮಾಡಿದ್ರೆ ಸಾಕು."

ಹಾಗೆ ಕಾವಲುಗಾರನ ಇಮೇಲಿಗೂ ಕೋಡ್ ಬಂತು, ಯಜಮಾನನದ್ದೊಂದು ಕೋಡಿಲ್ಲದೆ ಉಳಿಯಿತು. ಅದರ ಪಾಸ್‌ವರ್ಡ್ ಆತನ ಹೆಸರೇ. ತನ್ನ ಹೆಸರಿಗಿಂತ ಗಟ್ಟಿಯಾದದ್ದು ಈ ಲೋಕದಲ್ಲಿ ಇನ್ನೊಂದಿದೆ ಎಂದು ಆತನಿಗೆ ಅನ್ನಿಸಿರಲೇ ಇಲ್ಲ.

ಒಂದು ಮಧ್ಯಾಹ್ನ ಅಣ್ಣನ ಇಮೇಲ್ ಬಂತು. "ಕೀಲಿಕೈ ಫೈಲ್ ಪೂರ್ತಿ ಕೆಳಗಿನ ವಿಳಾಸಕ್ಕೆ ಕಳಿಸೋ, ದಡ್ಡ ಶಿಖಾಮಣಿ. ಮೀಟಿಂಗಲ್ಲಿದ್ದೀನಿ, ಫೋನ್ ಮಾಡಿ ತಲೆ ತಿನ್ನಬೇಡ." ತಮ್ಮನ ಕೈ ಫೋನಿನತ್ತ ಹೋಯಿತು. ಹಿಂದೊಮ್ಮೆ ಹೀಗೇ ಕೇಳಿದ್ದಕ್ಕೆ ಅಣ್ಣ ಕೆಲಸಗಾರರೆಲ್ಲರ ಮುಂದೆ ಬೆವರಿಳಿಸಿದ್ದ. ಅಲ್ಲದೆ ಆ ಬೈಗುಳ ಅಣ್ಣನದ್ದಲ್ಲದೆ ಇನ್ಯಾರದ್ದು? ಕೈ ಹಿಂದಕ್ಕೆ ಬಂತು. ಫೈಲ್ ಹೋಯಿತು.

ಬರೆದವನು ಅಣ್ಣನಲ್ಲ. ಆ ಮಹಾನುಭಾವನ ಇಮೇಲಿನೊಳಗೆ ಕಳ್ಳನೊಬ್ಬ ವಾರಗಟ್ಟಲೆ ಹಾಯಾಗಿ ಕೂತು, ತಮ್ಮನನ್ನು ಬೈಯುವ ಪಾಠವನ್ನು ಚೆನ್ನಾಗಿ ಕಲಿತಿದ್ದ. ಕೆಲವೇ ದಿನಗಳಲ್ಲಿ ಗಿರಾಕಿಗಳ ಮಳಿಗೆಗಳು ಬೀಗದ ಮೇಲೆ ಒಂದು ಗೀರೂ ಇಲ್ಲದೆ ಬರಿದಾದವು.

ಗಿರಾಕಿಗಳನ್ನೆಲ್ಲ ಕೂಡಿಸಿ ಯಜಮಾನ ಕೈತೊಳೆದುಕೊಳ್ಳಲು ನಿಂತ. ತನ್ನ ಇಮೇಲಿಗೆ ಕಳ್ಳ ನುಗ್ಗಿದ್ದನ್ನು ಒಂದೇ ಉಸಿರಿನಲ್ಲಿ ದಾಟಿಸಿ, "ಫೈಲ್ ಕಳಿಸಿದ್ದು ನನ್ನ ತಮ್ಮ. ನಾಳೆಯಿಂದ ಅವನು ಇಲ್ಲಿರಲ್ಲ," ಎಂದ. ಅಪ್ಪ ಕಟ್ಟಿದ ಕಾರ್ಖಾನೆ, ಇದನ್ನು ಬಿಟ್ಟು ತಮ್ಮನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಮನೆಹಾಳನೆಂಬ ಹೆಸರು ಹೊತ್ತು ಹೋದರೆ ಕೆಲಸ ಕೊಡುವವರಾದರೂ ಯಾರು?

ಹುಡುಗಿಯರ ಹಾಸ್ಟೆಲ್ ನಡೆಸುವಾಕೆ ಎದ್ದು ನಿಂತರು. ಅವರ ಹಾಸ್ಟೆಲಿನ ಕೋಣೆ ಕೋಣೆಗೂ ಇದೇ ಬೀಗ. ಅವರು ನೇರವಾಗಿ ತಮ್ಮನನ್ನೇ ಕೇಳಿದರು. "ಒಂದು ಫೋನ್ ಮಾಡೋಕೆ ನಿಮಗೇನಾಗಿತ್ತು?"

"ಹೆದರಿಕೆ ಆಯ್ತಮ್ಮ."

"ಯಾರಿಗೆ ಹೆದರಿದ್ರಿ?"

ಹೇಗೂ ಹೋಗುವವನು, ಇನ್ನೇನು ಮುಚ್ಚುಮರೆ? "ಅಣ್ಣನಿಗೆ," ಎಂದ ತಮ್ಮ.

ಯಜಮಾನನ ಮುಖ ಕೆಂಪೇರಿತು. "ನೋಡಿದ್ರಾ ಇವನ ನಾಲಿಗೆ! ಅದಕ್ಕೇ ಇವನನ್ನ ತೆಗೀತಿರೋದು."

"ತೆಗೀರಿ," ಎಂದರು ಆಕೆ. "ಆದ್ರೆ ಆ ಕುರ್ಚೀಲಿ ಯಾರನ್ನ ಕೂರಿಸ್ತೀರಿ? ನಿಮಗೆ ಇನ್ನೂ ಜಾಸ್ತಿ ಹೆದರೋರನ್ನಾ? ಕಳ್ಳನಿಗೆ ಇನ್ನೂ ಸುಲಭ ಆಯ್ತು ಬಿಡಿ."

ಗಿರಾಕಿಗಳೆಲ್ಲ ಉತ್ತರಕ್ಕೆ ಕಾಯುತ್ತಿದ್ದರು. ಯಜಮಾನ, ಜೀವಮಾನದಲ್ಲೇ ಮೊದಲ ಸಲ, ತಮ್ಮನ ಕಡೆ ಬಾಗಿ ಮೆಲ್ಲಗೆ ಕೇಳಿದ:

"ಏನು ಹೇಳ್ಲೋ?"