ಚೆಂಡಿನ ಸಾಲು

ನಮ್ಮ ಮಳವಳ್ಳಿ ಫುಟ್‌ಬಾಲ್ ತಂಡಕ್ಕೆ ಹೊಸ ಕ್ರೀಡಾಂಗಣ ಬೇಕೆಂದು ಆರು ವರ್ಷ ಅರ್ಜಿ ಬರೆದವನು ನಾನು. ಹೆಸರು ಅನಂತರಾಮು, ಮಿಡ್ಲ್ ಸ್ಕೂಲ್ ಮೇಷ್ಟ್ರು, ತಂಡದ ಕಾರ್ಯದರ್ಶಿ. ಎಪ್ಪತ್ತಾರರಲ್ಲಿ ಅದು ಕೊನೆಗೂ ಎದ್ದು ನಿಂತಾಗ ಊರವರು ಒಂದು ಒಳ್ಳೆಯ ಮಾತಾದರೂ ಆಡಬಹುದೆಂದು ಕಾದೆ. ಮೊದಲು ಬಂದವನು ತಿಮ್ಮಯ್ಯ, ನಮ್ಮ ಅಭಿಮಾನಿಗಳಲ್ಲೆಲ್ಲ ಜೋರು ಗಂಟಲಿನವನು. ಸಿಮೆಂಟು ಮೆಟ್ಟಿಲ ಮೇಲೆ ಕೂತವನೇ ಎದ್ದುಬಿಟ್ಟ.

"ಏನ್ ಮೇಷ್ಟ್ರೇ, ಬಾಣ್ಲೆ ಮೇಲ್ ಕುಂತಂಗಾಯ್ತದೆ. ನಾವು ಆಟ ನೋಡಕ್ ಬರೋದೋ, ಬೇಯಕ್ ಬರೋದೋ?"

ಇಷ್ಟು ಹೇಳಿ ಹೊಸ ನಲ್ಲಿಯಲ್ಲಿ ಮೂರು ಸಲ ನೀರು ಕುಡಿದ. ಗೋಲಿಗೆ ಕಟ್ಟಿದ ಬಲೆಯನ್ನು ಎಮ್ಮೆಯ ಮೈ ಸವರಿದ ಹಾಗೆ ಸವರಿದ. ಊರಿಗೆ ಊರೇ ಹೀಗಿತ್ತು. ಹೊಸದು ಬೇಕು, ಹಳೆಯದನ್ನು ಬಿಡಲೊಲ್ಲರು. ಅವರ ಮೇಲೆ ಸಿಟ್ಟು ಬಂತು, ಏಕೆಂದರೆ ನನ್ನ ಕಥೆಯೂ ಅದೇ ಆಗಿತ್ತು.

ಹಳೆಯ ಮೈದಾನವೆಂದರೆ ಊರಾಚೆಯ ಗೋಮಾಳ. ಒಂದು ಕಡೆ ರಸ್ತೆ, ಇನ್ನೊಂದು ಕಡೆ ಚಿಕ್ಕಣ್ಣನ ಕಬ್ಬಿನ ಗದ್ದೆ. ನಮ್ಮ ಹತ್ತಿರ ಇದ್ದದ್ದು ಒಂದೇ ಚೆಂಡು. ಅದು ಕಬ್ಬಿನೊಳಗೆ ಬಿದ್ದರೆ ಆಟ ನಿಲ್ಲುತ್ತಿತ್ತು. ಎರಡೂ ತಂಡದವರು, ನೋಡಲು ಬಂದವರು, ಸೀಟಿ ಊದುವ ರೆಫರಿ, ಎಲ್ಲರೂ ಹುಡುಕಲು ನುಗ್ಗುತ್ತಿದ್ದೆವು. ಚೆಂಡು ಸಿಗಲು ಎಷ್ಟು ಹೊತ್ತು ಬೇಕೋ, ಒಂದು ಜಲ್ಲೆ ಕಬ್ಬು ತಿಂದು ಮುಗಿಸಲೂ ಸರಿಯಾಗಿ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಇದರಿಂದ ನಮ್ಮವರು ಒಂದು ವಿದ್ಯೆ ಕಲಿತರು. ಗೋಲಿನ ಮುಂದೆ ಕಾವಲು ಆಡುವ ಮಾದಯ್ಯ ತನಗೆ ಏದುಸಿರು ಬಂದಾಗಲೆಲ್ಲ ಚೆಂಡನ್ನು ಕಬ್ಬಿಗೆ ಒದೆಯುತ್ತಿದ್ದ. ಇಡೀ ತಂಡಕ್ಕೆ ವಿಶ್ರಾಂತಿ. ಮಂಡ್ಯದ ತಂಡದವರು ಇದು ಮೋಸ ಎನ್ನುತ್ತಿದ್ದರು, ಕಬ್ಬು ಅಗಿಯುತ್ತಲೇ.

ಚಿಕ್ಕಣ್ಣ ಮಾತ್ರ ಕೋಲು ಹಿಡಿದು ಬದುವಿನ ಮೇಲೆ ನಿಂತು ನಮ್ಮನ್ನೆಲ್ಲ ಬಯ್ಯುತ್ತಿದ್ದ. ಚೆಂಡು ಎಲ್ಲಿ ಬಿತ್ತು, ಯಾರು ಎಲ್ಲಿ ಮುರಿದರು ಎಂದು ಕಾಯುವುದೇ ಅವನ ಕೆಲಸ. ಚೆಂಡು ಸಿಗುತ್ತಿದ್ದದ್ದೂ ಸಾಮಾನ್ಯವಾಗಿ ಅವನಿಗೇ. ಹೇಗಿದ್ದರೂ ಮುರಿಯುತ್ತಾರೆಂದು ಗದ್ದೆಯ ಅಂಚಿಗೆ ಎರಡು ಸಾಲು ರಸದಾಳಿ ನೆಟ್ಟಿರುತ್ತಿದ್ದ, ತಿನ್ನಲು ಮೆತ್ತಗಿನ ಕಬ್ಬು. ಅದಕ್ಕೆ ಚೆಂಡಿನ ಸಾಲು ಎಂದೇ ಹೆಸರಾಗಿತ್ತು. ಅಲ್ಲಿ ಮುರಿದರೆ ಬಾಯಿಮಾತಿನ ಬೈಗುಳ, ಅದನ್ನು ದಾಟಿದರೆ ಕೋಲು.

ಕ್ರೀಡಾಂಗಣ ಮಂಜೂರಾದ ಸುದ್ದಿಯನ್ನು ನಾನೇ ಹೋಗಿ ಹೇಳಿದ್ದೆ.

"ಪೀಡೆ ತೊಲಗ್ತು ಬುಡಿ ಮೇಷ್ಟ್ರೇ. ಇನ್ನಾರ ನನ್ ಕಬ್ಬು ನೆಮ್ಮದಿಯಾಗಿ ಬೆಳೀತದೆ," ಎಂದ.

ಆದರೆ ಆ ವರ್ಷವೂ ಅಂಚಿಗೆ ಎರಡು ಸಾಲು ರಸದಾಳಿ ನೆಟ್ಟಿದ್ದ. ಯಾಕಯ್ಯ ಎಂದರೆ, ಬಿತ್ತನೆ ಮಿಕ್ಕಿತ್ತು ಎಂದು ಮುಖ ತಿರುಗಿಸಿದ. ಮೊದಲ ಪಂದ್ಯಕ್ಕೆ ಬಾ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ ಎಂದು ಎರಡು ಸಲ ಕರೆದೆ. "ನನಗ್ಯಾಕೆ ಅವೆಲ್ಲ, ಅಲ್ಲಿ ನನಗೇನ್ ಕೆಲ್ಸ?" ಎಂದುಬಿಟ್ಟ. ಆ ಮಾತು ನನ್ನ ಎದೆಗೆ ನಾಟಿತು. ಆರು ವರ್ಷ ಅರ್ಜಿ ಬರೆದು ನಾನು ಆ ಮನುಷ್ಯನ ಕೆಲಸ ಕಿತ್ತುಕೊಂಡಿದ್ದೆ. ಅವನು ಬರದಿದ್ದರೆ ಈ ಕ್ರೀಡಾಂಗಣ ಇದ್ದೂ ನನಗೆ ಇಲ್ಲದಂತೆಯೇ ಅನ್ನಿಸಿತು.

ಮೊದಲ ಪಂದ್ಯ ಮಂಡ್ಯದವರ ಮೇಲೆ. ಕುರ್ಚಿ ಖಾಲಿಯಾಗಿಯೇ ಇತ್ತು. ನಮ್ಮವರು ಹೇಗೋ ಒಂದು ಗೋಲು ಹೊಡೆದರು. ಆದರೆ ಸುತ್ತ ಗೋಡೆ, ಚೆಂಡು ಎಲ್ಲಿ ಹೋದರೂ ಬಡಿದು ವಾಪಸು ಬರುತ್ತದೆ, ಉಸಿರಾಡಲು ಬಿಡುವಿಲ್ಲ. ಇನ್ನು ಇಪ್ಪತ್ತು ನಿಮಿಷವಿದೆ ಎನ್ನುವಾಗ ಮಾದಯ್ಯನ ನಾಲಗೆ ಹೊರಗೆ ಬಂದಿತ್ತು. ಅಭ್ಯಾಸಬಲ. ಎತ್ತಿ ಒಂದು ಒದೆ ಕೊಟ್ಟ, ಚೆಂಡು ಗೋಡೆ ದಾಟಿ ಹೋಯಿತು.

ಆಮೇಲೆ ಆದದ್ದನ್ನು ಮಂಡ್ಯದವರು ಇವತ್ತಿಗೂ ಹೇಳಿಕೊಂಡು ನಗುತ್ತಾರಂತೆ. ಮಾದಯ್ಯ ಗೇಟಿನ ಕಡೆ ನಡೆದ. ಅವನ ಹಿಂದೆ ಗೋಲು ಕಾಯುವ ಮರಿಸಿದ್ದಯ್ಯ, ಅವನ ಹಿಂದೆ ಇನ್ನೂ ನಾಲ್ವರು. ಮೆಟ್ಟಿಲ ಮೇಲಿದ್ದ ತಿಮ್ಮಯ್ಯನೂ ಪಂಚೆ ಎತ್ತಿ ಕಟ್ಟಿ ಓಡಿದ, ಅವನ ಜೊತೆಗೆ ಅರ್ಧ ಊರು. ರೆಫರಿಯ ಮೇಜಿನ ಕೆಳಗೆ ಎರಡನೆಯ ಚೆಂಡು ಇತ್ತು. ಅದನ್ನು ತರಿಸಿ ಇಟ್ಟವನು ನಾನೇ, ನಮ್ಮವರಿಗೆ ಹೇಳಲು ಮರೆತವನೂ ನಾನೇ. ರೆಫರಿ ಅದನ್ನು ಮಂಡ್ಯದವರ ಕೈಗೆ ಕೊಟ್ಟ. ನಮ್ಮವರನ್ನು ಕರೆತರಲು ನಾನು ಗೇಟಿನಾಚೆ ಓಡಿದೆ.

ಹೊರಗೆ ಗೋಡೆಯ ಬುಡದಲ್ಲಿ ಚಿಕ್ಕಣ್ಣ ನಿಂತಿದ್ದ. ಒಂದು ಕಂಕುಳಲ್ಲಿ ಚೆಂಡು, ಇನ್ನೊಂದರಲ್ಲಿ ಕೋಲು, ಕಾಲ ಬಳಿ ಒಂದು ಹೊರೆ ರಸದಾಳಿ.

"ಯಾವನ್ಲಾ ಒದ್ದೋನು? ಮಾದಯ್ಯ ತಾನೆ? ಜಾಗ ಬದ್ಲಾದ್ರೂ ನಿನ್ ಬುದ್ಧಿ ಬದ್ಲಾಗ್ನಿಲ್ವಲ್ಲ," ಎಂದು ಬಯ್ಯುತ್ತಲೇ ಕಬ್ಬು ಮುರಿದು ಹಂಚುತ್ತಿದ್ದ.

ನನ್ನನ್ನು ಕಂಡು, "ಗಾಡಿ ರಿಪೇರಿಗೆ ಬಂದಿದ್ದೆ ಮೇಷ್ಟ್ರೇ," ಎಂದ. ಗಾಡಿ ಎಲ್ಲೂ ಕಾಣಲಿಲ್ಲ. ಎಷ್ಟು ಖುಷಿಯಾಯಿತೆಂದರೆ ನಾನೂ ಒಂದು ತುಂಡಿಗೆ ಕೈ ಚಾಚಿದೆ. ಅಷ್ಟರಲ್ಲಿ ಒಳಗಿಂದ ಮಂಡ್ಯದವರ ಕೂಗು ಕೇಳಿಸಿತು. ಗೋಲಿನಲ್ಲಿ ಕಾಯುವವರೇ ಇಲ್ಲದಿರುವಾಗ ಇನ್ನೇನಾಗುತ್ತದೆ. ಒಂದಕ್ಕೆ ಒಂದು ಸಮವಾಗಿತ್ತು. ಆಟಗಾರರು ಕಬ್ಬು ಬಾಯಲ್ಲಿಟ್ಟುಕೊಂಡೇ ಒಳಗೆ ಓಡಿದರು. ನಾನು ಚಿಕ್ಕಣ್ಣನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ, ಅವನ ಕಂಕುಳಲ್ಲಿದ್ದ ಚೆಂಡನ್ನು ರೆಫರಿಯ ಮೇಜಿನ ಕೆಳಗಿಟ್ಟೆ.

ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದ.

"ಮೇಷ್ಟ್ರೇ, ನಗಬ್ಯಾಡಿ. ನಮ್ಮೋರು ಈಗ ಯಾವ್ ಕಡೀಕ್ ಒದೀಬೇಕು?"

ನಗು ಬಂತು, ಅದರ ಹಿಂದೆಯೇ ನಾಚಿಕೆ. ಹದಿನೈದು ವರ್ಷ ಪ್ರತಿ ಪಂದ್ಯಕ್ಕೂ ಬಂದವನು ಅವನು. ಬದುವಿನ ಮೇಲೆ ಕಬ್ಬಿಗೆ ಮುಖ ಮಾಡಿ, ಆಟಕ್ಕೆ ಬೆನ್ನು ತಿರುಗಿಸಿ ನಿಂತಿದ್ದ. ಒಂದು ಗೋಲನ್ನೂ ಅವನು ನೋಡಿರಲಿಲ್ಲ. ಯಾರು ಗೆದ್ದರೆಂದು ಸಂಜೆ ನಾವು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಪಡುವಲಕ್ಕೆ," ಎಂದು ಕೈ ತೋರಿಸಿದೆ. ಅಲ್ಲಿಂದ ಅವನ ಕಣ್ಣು ಕದಲಲಿಲ್ಲ. ನಮ್ಮವರು ಗೋಲಿನ ಹತ್ತಿರ ಹೋದಾಗಲೆಲ್ಲ ಕುರ್ಚಿಯಿಂದ ಅರ್ಧ ಏಳುತ್ತಿದ್ದ.

ಆಟ ಮುಗಿಯಲು ಎರಡು ನಿಮಿಷವಿರುವಾಗ ಮಾದಯ್ಯ ಮತ್ತೆ ಚೆಂಡನ್ನು ಗೋಡೆಯಾಚೆ ಒದ್ದ. ಮೈದಾನವೆಲ್ಲ ಒಮ್ಮೆ ಚಿಕ್ಕಣ್ಣನ ಕಡೆ ತಿರುಗಿ ನೋಡಿತು. ನಾನೂ ನೋಡಿದೆ. ಅವನು ಏಳಲಿಲ್ಲ, ಕತ್ತನ್ನೂ ತಿರುಗಿಸಲಿಲ್ಲ.

"ಅದು ಎಲ್ಲಾರ ಬಿದ್ದಿರ್ಲಿ ಬುಡ್ರಲಾ," ಎಂದ. "ಇನ್ನೊಂದು ಐತಲ್ಲ, ಆಡ್ರಿ. ನಾನು ನೋಡ್ಬೇಕು."