ಒಂದಕ್ಕೆ ನೂರು

ಸೀಮೆಎಣ್ಣೆ ಸ್ಟೌವಿನ ಮೇಲೆ ಗಾಜಿನ ಸಿರಿಂಜು ಕುದಿಯುವಾಗ ಒಂದು ವಾಸನೆ ಬರುತ್ತಿತ್ತು. ಸುಟ್ಟ ಬತ್ತಿಯದು, ಬಿಸಿ ಲೋಹದ್ದು, ಅವೆರಡರ ಮೇಲೆ ಸ್ಪಿರಿಟ್ಟಿನ ತಣ್ಣನೆಯ ಘಾಟು. ದೊಡ್ಡವಳಿಗೆ ಈಗ ಐವತ್ತೆರಡು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ್ದಾಳೆ, ಮೂಗಿಗೆ ಬಡಿಯದ ವಾಸನೆಯಿಲ್ಲ. ಆದರೆ ಅದೊಂದು ಮತ್ತೆ ಸಿಕ್ಕಿಲ್ಲ. ಅದು ಅಪ್ಪನ ವಾಸನೆ.

ಅಪ್ಪ ಕಾಂಪೌಂಡರ್. ವರ್ಷಕ್ಕೆ ಎರಡು ಸಲ ಬೀದಿಯ ಮಕ್ಕಳಿಗೆಲ್ಲ ಪುಕ್ಕಟೆಯಾಗಿ ಶಕ್ತಿ ಇಂಜೆಕ್ಷನ್ ಚುಚ್ಚುತ್ತಿದ್ದ. ಬೆಳಿಗ್ಗೆ ಒಮ್ಮೆ ಸಿರಿಂಜು ಕುದಿಸಿದರೆ ಮುಗಿಯಿತು. ಆಮೇಲೆ ಒಂದು ತೋಳಿಗೂ ಇನ್ನೊಂದು ತೋಳಿಗೂ ನಡುವೆ ಸೂಜಿಗೆ ಸ್ಪಿರಿಟ್ ಹತ್ತಿಯಿಂದ ಒಂದು ಒರೆಸು. ಅವನಿಗೆ ತಿಳಿದ ಶುಚಿ ಅಷ್ಟೇ. "ದೊಡ್ಡವಳು ಮೊದಲು," ಎಂದು ಕೂಗುತ್ತಿದ್ದ. ಅವಳು ಅಳುತ್ತಿರಲಿಲ್ಲ, ಅವಳನ್ನು ನೋಡಿ ಉಳಿದವರಿಗೆ ಧೈರ್ಯ ಬರಲಿ ಎಂದು. ಮೂರು ವರ್ಷದ ತಂಗಿ, ಚಿಕ್ಕವಳು, ಮಂಚದಡಿ ಸೇರಿಕೊಳ್ಳುತ್ತಿದ್ದಳು. ಬೀದಿಯ ಮಕ್ಕಳೆಲ್ಲ ಮುಗಿದ ಮೇಲೆ ಅವಳನ್ನು ಕಾಲು ಹಿಡಿದು ಎಳೆಯುತ್ತಿದ್ದರು. ಕೊನೆಯ ಚುಚ್ಚು ಅವಳಿಗೆ. ಅಳು ನಿಲ್ಲುವವರೆಗೆ ಅಪ್ಪ ಆ ಪುಟ್ಟ ತೋಳಿನ ಮೇಲೆ ಉಫ್ ಉಫ್ ಎಂದು ಊದುತ್ತ ಕೂತಿರುತ್ತಿದ್ದ.

ಯಾರ ಮನೆಯ ವೈರಸ್ಸು ಆ ಸೂಜಿ ಹಿಡಿದು ಬಂತೋ, ಬಲ್ಲವರಿಲ್ಲ. ಹೆಪಟೈಟಿಸ್ ಬಿ. ನಲವತ್ತು ವರ್ಷ ಚಿಕ್ಕವಳ ಲಿವರಿನೊಳಗೆ ಸದ್ದಿಲ್ಲದೆ ಸಂಸಾರ ಹೂಡಿಕೊಂಡಿತ್ತು. ಗಂಡನ ಆಪರೇಷನ್ನಿಗೆಂದು ಮುಂಚಿತವಾಗಿ ರಕ್ತ ಕೊಡಲು ಹೋದಾಗ ಸಿಕ್ಕಿಬಿತ್ತು. ಆ ಸಂಜೆಯೇ ಅವಳ ಅತ್ತೆ ಒಂದು ಸ್ಟೀಲು ತಟ್ಟೆ, ಒಂದು ಲೋಟ ಬೇರೆ ಎತ್ತಿಟ್ಟು, ಎರಡರ ಅಂಚಿಗೂ ಕೆಂಪು ನೇಲ್‌ಪಾಲಿಶಿನಲ್ಲಿ ಒಂದೊಂದು ಚುಕ್ಕೆ ಇಟ್ಟರು.

"ತಟ್ಟೆಯಿಂದ ಬರಲ್ವಂತೆ ಅತ್ತೆ, ಡಾಕ್ಟ್ರೇ ಹೇಳಿದ್ರು," ಎಂದಳು ಚಿಕ್ಕವಳು.

"ಡಾಕ್ಟ್ರೇನು ನಮ್ಮನೇಲಿ ಊಟಕ್ಕೆ ಕೂರ್ತಾರಾ?" ಅತ್ತೆ ಕೆಟ್ಟವರೇನಲ್ಲ, ದನಿ ಎತ್ತಿ ಬೈದವರಲ್ಲ. "ನಿನ್ ರಕ್ತ ಶುದ್ಧ ಆಯ್ತು ಅಂತ ಕಾಗದ ತಂದು ತೋರ್ಸು ತಾಯಿ. ಅವತ್ತೇ ಆ ಚುಕ್ಕೇನ ನನ್ ಕೈಯಾರೆ ಉಜ್ಜಿ ತೆಗೀತೀನಿ."

ಗಂಡ ಮೊಸರು ಕಲಸುತ್ತ ಕೂತಿದ್ದ. ತಲೆ ಎತ್ತಲಿಲ್ಲ.

ಆ ಕಾಗದಕ್ಕಾಗಿ ಚಿಕ್ಕವಳು ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಒಂದು ಅಧ್ಯಯನಕ್ಕೆ ಸೇರಿದಳು. ಮಾತ್ರೆಯಾದರೆ ವೈರಸ್ಸನ್ನು ಮಲಗಿಸುತ್ತದೆ ಅಷ್ಟೇ, ಬದುಕಿರುವವರೆಗೆ ನುಂಗಬೇಕು. ಈ ಇಂಜೆಕ್ಷನ್ ಕೆಲವರಲ್ಲಿ ಅದನ್ನು ಪೂರಾ ಓಡಿಸಿಬಿಡುತ್ತದೆ. ಪ್ರತಿ ಸೋಮವಾರ ಒಂದರಂತೆ ಒಂದು ವರ್ಷ. ಸೋಮವಾರ ರಾತ್ರಿಯಿಂದ ಬುಧವಾರದವರೆಗೆ ಮೈ ಕೆಂಡ. ಬಾಚಣಿಗೆ ಹಾಕಿದರೆ ಕೂದಲು ಹಿಡಿ ಹಿಡಿ ಬರುತ್ತಿತ್ತು. ಇಷ್ಟು ಹಿಂಸೆಯನ್ನು ಉಪಯೋಗವಾಗದವರಿಗೆ ಕೊಡುವುದು ಬೇಡವೆಂದು ಒಂದು ನಿಯಮ: ಶುರುವಿಗೆ ಮೊದಲು ಒಮ್ಮೆ, ಹನ್ನೆರಡು ವಾರಕ್ಕೊಮ್ಮೆ ರಕ್ತ ನೋಡುವುದು. ವೈರಸ್ಸಿನ ಹೊರಕವಚದ ಪ್ರೋಟೀನು ಇಳಿದಿದ್ದರೆ ಮುಂದುವರಿಕೆ. ಇಳಿಯದಿದ್ದರೆ ನಮಸ್ಕಾರ.

ಆ ಎಣಿಕೆ ನಡೆಯುವುದು ದೊಡ್ಡವಳ ಲ್ಯಾಬಿನಲ್ಲಿ. ಕೊಳವೆಗಳ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಚಿಕ್ಕವಳದು ನಲವತ್ತೊಂದು, ಅವಳೇ ಅಕ್ಕನಿಗೆ ಹೇಳಿದ್ದಳು.

ಅಲ್ಲಿನ ಯಂತ್ರ ಇನ್ನೂರೈವತ್ತರವರೆಗೆ ಎಣಿಸುತ್ತದೆ. ಅದನ್ನು ಮೀರಿದರೆ 'ಹೆಚ್ಚು' ಎಂದು ಚೀಟಿ ಉಗುಳಿ ಸುಮ್ಮನಾಗುತ್ತದೆ. ಆಗ ರಕ್ತದ ತಿಳಿಯನ್ನು ಒಂದಕ್ಕೆ ನೂರರಷ್ಟು ತೆಳು ಮಾಡಿ ಮತ್ತೆ ಕೊಡಬೇಕು, ಬಂದ ಅಂಕಿಯನ್ನು ನೂರರಿಂದ ಗುಣಿಸಬೇಕು. ತೆಳು ಮಾಡುವವರು ಒಬ್ಬರು, ಕಂಪ್ಯೂಟರಿಗೆ ಅಂಕಿ ಹೊಡೆಯುವವರು ಇನ್ನೊಬ್ಬರು. ಮರೆವು ಆಗದಿರಲೆಂದು ಒಂದು ರೂಢಿ ಬೆಳೆದಿತ್ತು: ತೆಳು ಮಾಡಿದ ಕೊಳವೆಯ ಮುಚ್ಚಳಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ. ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ಇಪ್ಪತ್ತು ವರ್ಷದ ಹಿಂದೆ ದೊಡ್ಡವಳೇ ಶುರುಮಾಡಿದ್ದು.

ಶುರುವಿನ ರಕ್ತ ಬಂದದ್ದು ಒಂದು ಸೋಮವಾರ. ಹಿಂದಿನ ದಿನ ಅವಳು ತಂಗಿಯ ಮನೆಯಲ್ಲಿ ಊಟ ಮಾಡಿ ಬಂದಿದ್ದಳು. ಎಲ್ಲರೂ ಮೇಜಿನ ಸುತ್ತ, ಚಿಕ್ಕವಳೊಬ್ಬಳು ಅಡುಗೆಮನೆಯ ಕಟ್ಟೆಯ ಬಳಿ ನಿಂತು, ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡು ತಿನ್ನುತ್ತಿದ್ದಳು. ಅಕ್ಕನ ಕಣ್ಣಿಗೆ ಬೀಳದಿರಲಿ ಎಂದು.

ನಲವತ್ತೊಂದರ ಚೀಟಿ 'ಹೆಚ್ಚು' ಎಂದಿತು. ದೊಡ್ಡವಳು ತಿಳಿಯನ್ನು ತೆಳು ಮಾಡಿದಳು. ಮುಚ್ಚಳ ಬಿಗಿದಳು. ಕೆಂಪು ಪೆನ್ನು ತೆಗೆದಳು. ಕೈ ಮುಂದಕ್ಕೆ ಹೋಗಲಿಲ್ಲ. ಅಲ್ಲೂ ಚುಕ್ಕೆ, ಇಲ್ಲೂ ಚುಕ್ಕೆ. ನಾನೂ ಇಡಬೇಕೇ ಎನಿಸಿತು. ಬಾಯಲ್ಲಿ ಹೇಳಿದರಾಯಿತು ಎಂದುಕೊಂಡು ಪೆನ್ನಿನ ಟೋಪಿ ಹಾಕಿ ಜೇಬಿಗಿಟ್ಟಳು.

ಕಂಪ್ಯೂಟರಿನ ಮುಂದೆ ಕೂರುವವನನ್ನು ಎಲ್ಲರೂ ಕನ್ನಡಕ ಎನ್ನುತ್ತಾರೆ. ಅವನ ಮಗಳಿಗೆ ಶಾಲೆಯಲ್ಲಿ ಏನೋ ಬಹುಮಾನ ಬಂದು, ಅವತ್ತು ಸಿಹಿ ಹಂಚುತ್ತಿದ್ದ.

"ಅಕ್ಕ, ಎರಡು ತಗೊಳ್ಳಿ. ಒಂದು ತಗೊಂಡ್ರೆ ನನ್ನ ಮಗಳು ಫೇಲಾಗ್ತಾಳೆ."

"ಹಾಗಾದ್ರೆ ಮೂರು ಕೊಡು, ಡಾಕ್ಟ್ರಾಗ್ಲಿ."

ನಕ್ಕರು. ಹೇಳಬೇಕಾದ ಮಾತು ಸಿಹಿಯ ಜೊತೆಗೆ ಗಂಟಲಿನಿಂದ ಕೆಳಗಿಳಿದುಹೋಯಿತು. ಯಂತ್ರ ನೂರಎಂಬತ್ತಾರು ಎಂದಿತು. ಚುಕ್ಕೆಯಿಲ್ಲದ ಮುಚ್ಚಳ ನೋಡಿ ಕನ್ನಡಕ ನೂರಎಂಬತ್ತಾರು ಎಂದೇ ಹೊಡೆದ.

ಹನ್ನೆರಡನೆಯ ವಾರದ ರಕ್ತ ಬಂದ ದಿನ ದೊಡ್ಡವಳಿಗೆ ರಜೆ. ಬೇರೆ ಯಾರೋ ತೆಳು ಮಾಡಿದರು, ಚುಕ್ಕೆ ಇಟ್ಟರು. ಯಂತ್ರ ಇಪ್ಪತ್ತನಾಲ್ಕು ಎಂದಿತು. ಕನ್ನಡಕ ನೂರರಿಂದ ಗುಣಿಸಿದ. ಎರಡು ಸಾವಿರದ ನಾನೂರು.

ಇದೆಲ್ಲ ದೊಡ್ಡವಳಿಗೆ ಗೊತ್ತಾದದ್ದು ಮತ್ತೆ ಒಂದು ತಿಂಗಳ ಮೇಲೆ. ಒಂದು ಮಂಗಳವಾರ ತಂಗಿಯ ಹಣೆ ಮುಟ್ಟಿ ನೋಡಿದಳು.

"ಏನೇ, ಮೈ ತಣ್ಣಗಿದೆ? ನಿನ್ನೆ ಚುಚ್ಚಿಸ್ಕೊಳ್ಳಲಿಲ್ವಾ?"

ಚಿಕ್ಕವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. "ನಿಲ್ಸಿಬಿಟ್ರು ಅಕ್ಕ. ನಾಲ್ಕು ವಾರ ಆಯ್ತು. ಇಳಿಯೋದು ಹಾಗಿರ್ಲಿ, ಹತ್ತು ಪಟ್ಟು ಏರಿದೆಯಂತೆ. ನೀನು ಸಂಕಟ ಪಡ್ತೀಯಾ ಅಂತ ಹೇಳ್ಲಿಲ್ಲ." ಆಮೇಲೆ ನಕ್ಕಳು. "ಕೂದ್ಲು ಉಳೀತು ಬಿಡು."

ಹತ್ತು ಪಟ್ಟು ಏರುವುದೇ? ದೊಡ್ಡವಳಿಗೆ ಚುಕ್ಕೆಯಿಲ್ಲದ ಮುಚ್ಚಳ ನೆನಪಾಯಿತು. ಮರುದಿನ ಎಲ್ಲರಿಗಿಂತ ಮೊದಲೇ ಲ್ಯಾಬಿಗೆ ಹೋಗಿ, ಫ್ರೀಜರಿನಿಂದ ನಲವತ್ತೊಂದರ ಶುರುವಿನ ರಕ್ತದ ಉಳಿದ ತಿಳಿ ತೆಗೆದು ಕರಗಿಸಿ, ತೆಳು ಮಾಡಿ, ಯಂತ್ರಕ್ಕೆ ಕೊಟ್ಟಳು. ನೂರಎಂಬತ್ತಾರು. ನೂರರಿಂದ ಗುಣಿಸಿದರೆ ಹದಿನೆಂಟು ಸಾವಿರದ ಆರುನೂರು. ಅಲ್ಲಿಂದ ಎರಡು ಸಾವಿರದ ನಾನೂರಕ್ಕೆ ಇಳಿದಿತ್ತು. ಹತ್ತಿರಹತ್ತಿರ ಎಂಟು ಪಾಲಿನಲ್ಲಿ ಏಳು ಪಾಲು ಕರಗಿತ್ತು. ಆ ಗುಂಪಿನಲ್ಲಿ ಯಾರಿಗೂ ಇಷ್ಟು ಚೆನ್ನಾಗಿ ಔಷಧಿ ಹತ್ತಿರಲಿಲ್ಲ.

ನೆಲ ಒರೆಸುತ್ತಿದ್ದ ಆಯಾ ಅವಳ ಮುಖ ನೋಡಿದಳು.  ಒಂದು ಸ್ಟೂಲು ಎಳೆದು ಅವಳ ಹಿಂದೆ ಇಟ್ಟು, ಮತ್ತೆ ಒರೆಸಲು ಹೋದಳು. ದೊಡ್ಡವಳು ಕೂತಳು.

ಲ್ಯಾಬಿನ ಮೇಡಂ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಚುಕ್ಕೆ ಯಾಕೆ ಇಡಲಿಲ್ಲ?"

ದೊಡ್ಡವಳು ತಟ್ಟೆಯ ಸಂಗತಿ ಹೇಳಿದಳು. ಹೇಳುತ್ತಿದ್ದಂತೆ ಅದೆಷ್ಟು ಪೆದ್ದಾಗಿ ಕೇಳುತ್ತದೆಂದು ಅವಳಿಗೇ ಗೊತ್ತಾಯಿತು.

"ನಿಮ್ಮ ತಂಗಿ ಅಂತ ಮಾಡಿದ್ರಿ," ಎಂದರು ಮೇಡಂ. "ಯಾರೋ ಆಗಿದ್ರೆ ಸರಿಯಾಗಿ ಮಾಡ್ತಿದ್ರಿ."

"ಮತ್ತೆ ಶುರು ಮಾಡೋಕೆ ಆಗಲ್ವಾ ಮೇಡಂ?"

ಮೇಡಂ ಡಾಕ್ಟರಿಗೆ ಫೋನು ಹಚ್ಚಿದರು, ತುಂಬ ಹೊತ್ತು ಹೂಂಗುಟ್ಟಿದರು, ಇಟ್ಟರು. "ಎರಡು ಇಂಜೆಕ್ಷನ್ ತಪ್ಪೋವರೆಗೆ ಅವಕಾಶ ಇತ್ತಂತೆ. ನಾಲ್ಕು ತಪ್ಪಿವೆ. ಅವರ ಜಾಗಕ್ಕೆ ಬೇರೆಯವರು ಬಂದಾಗಿದೆ, ಅಧ್ಯಯನಕ್ಕೆ ಎಣಿಸಿ ಕಳಿಸೋ ಔಷಧಿ, ಹೆಚ್ಚಿಗೆ ಇರಲ್ಲ. ತಿದ್ದಿದ ವರದಿ ಕಳಿಸ್ತೀನಿ. ಫೈಲು ಸರಿಹೋಗತ್ತೆ."

"ಅವಳು?"

"ಮಾತ್ರೆ ಇದೆಯಲ್ಲ. ಮಾತ್ರೆ ತಗೊಂಡು ಎಷ್ಟೋ ಜನ ಚೆನ್ನಾಗಿದ್ದಾರೆ." ಮೇಡಂ ಕಣ್ಣು ಚೀಟಿಯಿಂದ ಮೇಲೆ ಬರಲಿಲ್ಲ. "ಬಾಗಿಲು ಹಾಕ್ಕೊಂಡು ಹೋಗಿ."

ಹೊರಗೆ ಕನ್ನಡಕ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ಅಕ್ಕ, ಹೊಡೆದವನು ನಾನು. ನಾನೂ ಕೇಳಬೇಕಿತ್ತು. ನನ್ನ ಹೆಸರೂ ಬರೀರಿ ಅಂತೀನಿ."

"ನೀನು ನೋಡಿದ್ದನ್ನ ಹೊಡೆದೆಯಪ್ಪ," ಎಂದಳು. ಅವನ ತೋಳು ತಟ್ಟಿ ಮೆಟ್ಟಿಲಿಳಿದಳು.

ತಂಗಿಯ ಮನೆ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಅತ್ತೆ ಒಳಕೋಣೆಯಲ್ಲಿ ಒರಗಿದ್ದರು. ಅಡುಗೆಮನೆಯಲ್ಲಿ ಕುಕ್ಕರ್ ಆಗ ತಾನೆ ಇಳಿದಿತ್ತು. ದೊಡ್ಡವಳು ನಿಂತಲ್ಲೇ ಎಲ್ಲ ಹೇಳಿದಳು: ಚುಕ್ಕೆ, ಸಿಹಿ, ನೂರಎಂಬತ್ತಾರು, ಎಂಟರಲ್ಲಿ ಏಳು ಪಾಲು.

ಚಿಕ್ಕವಳು ಸೌಟು ಹಿಡಿದುಕೊಂಡೇ ಕೇಳಿದಳು. "ಹಾಗಾದ್ರೆ ಹೋಗ್ತಾ ಇತ್ತು."

"ಹೋಗ್ತಾ ಇತ್ತು."

"ಮೂರು ತಿಂಗಳು ಸುಟ್ಕೊಂಡಿದ್ದು ಸುಮ್ನೆ ಅಲ್ಲ."

"ಅಲ್ಲ."

ಚಿಕ್ಕವಳು ಸೌಟನ್ನು ಕುಕ್ಕರಿನ ಪಕ್ಕ ಇಟ್ಟಳು. ದನಿ ಎತ್ತಲಿಲ್ಲ; ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. "ಅಪ್ಪ ಊದ್ತಾ ಕೂತಿರ್ತಿದ್ದ, ನೆನಪಿದೆಯಾ? ಚುಚ್ಚೋದೆಲ್ಲ ಚುಚ್ಚಿ ಆಮೇಲೆ ಊದೋದು. ನೀನು ಅಪ್ಪನ ಮಗಳೇ ಕಣೇ. ನಿಮ್ಮಿಬ್ಬರ ಪ್ರೀತಿ ತಡ್ಕೊಳ್ಳೋಕೆ ನನ್ನ ಲಿವರಿಗೆ ಶಕ್ತಿ ಇಲ್ಲ."



"ನಾನು ಅವತ್ತೇ ನಿನಗೆ ಹೇಳಿದ್ರೆ?" ಚಿಕ್ಕವಳು ಥಟ್ಟನೆ ತಿರುಗಿದಳು. "ನಿಲ್ಸಿದ ದಿನಾನೇ ಫೋನ್ ಮಾಡಿದ್ರೆ, ಸರಿಹೋಗ್ತಿತ್ತಾ?"

ಎರಡು ಇಂಜೆಕ್ಷನ್ ತಪ್ಪುವವರೆಗೆ ಅವಕಾಶವಿತ್ತು. ಹದಿನಾಲ್ಕು ದಿನ. ದೊಡ್ಡವಳು ತಂಗಿಯ ಮುಖವನ್ನು ನೇರವಾಗಿ ನೋಡಿದಳು.

"ಇಲ್ಲ. ಅವತ್ತೇ ಹೇಳಿದ್ರೂ ಆಗ್ತಿರಲಿಲ್ಲ. ಒಂದ್ಸಲ ನಿಲ್ಸಿದ್ರೆ ಮುಗೀತು."

ಚಿಕ್ಕವಳು ಅವಳನ್ನು ಅಳೆಯುವಂತೆ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಒಳಗಿನಿಂದ ಅತ್ತೆಯ ದನಿ ಬಂತು: "ಯಾರಮ್ಮ ಬಂದಿರೋದು? ದೊಡ್ಡವಳಾ? ಊಟಕ್ಕೆ ಕೂರಿಸು."

"ಕೂರಿಸ್ತೀನಿ ಅತ್ತೆ."

ಕಪಾಟಿನಲ್ಲಿ ತಟ್ಟೆಗಳ ಸಾಲು ಹೊಳೆಯುತ್ತಿತ್ತು. ಚಿಕ್ಕವಳ ಕೈ ಆ ಸಾಲನ್ನು ದಾಟಿ ಸಿಂಕಿನ ಪಕ್ಕದ ಮೊಳೆಯತ್ತ ಹೋಯಿತು. ಅಲ್ಲಿ ಬೇರೆಯಾಗಿ ನೇತುಹಾಕಿದ್ದ ಪ್ಲಾಸ್ಟಿಕ್ ಬುಟ್ಟಿಯಿಂದ ತನ್ನ ತಟ್ಟೆ ತೆಗೆದಳು. ಬಿಸಿ ಅನ್ನ ಬಡಿಸಿದಳು, ಬೇಳೆ ಸುರಿದಳು, ಪಕ್ಕಕ್ಕೊಂದು ಬೇಯಿಸಿದ ಮೊಟ್ಟೆ ಇಟ್ಟಳು. ಈ ಸಲ ಚುಕ್ಕೆಯ ಮೇಲೆ ಹೆಬ್ಬೆರಳಿಡಲಿಲ್ಲ.

"ದೊಡ್ಡವಳು ಮೊದಲು," ಎಂದು ಮೆಲ್ಲಗೆ ಹೇಳಿ, ತಟ್ಟೆಯನ್ನು ಅಕ್ಕನ ಕೈಗೆ ಕೊಟ್ಟಳು.